ಸುತ್ತೋಲೆಯ ಪ್ರಕಾರ ಕೆಂಕಿ

ಆಕ್ರಾ ನಗರದ ನಾಲ್ಕು ಹೆದ್ದಾರಿಗಳು ಕೂಡುವಲ್ಲಿ ಟ್ರಾಫಿಕ್ ಜಾಮ್ ಆಗುವುದಕ್ಕೆ ಒಕೈಲಿ ಎಂಬಾಕೆಯ ಕೆಂಕಿಯೇ ಕಾರಣವೆಂದು ರಸ್ತೆ ಇಲಾಖೆ ತೀರ್ಮಾನಿಸಿತು. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಉಂಡೆ ಕಟ್ಟಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿ, ಕರಿದ ಮೀನಿನ ಜೊತೆ ಅವಳು ಅಲ್ಲಿ ಮಾರುತ್ತಿದ್ದಳು. ಆ ಮೂಲೆಯಲ್ಲಿ ಒಲೆ ಉರಿದರೆ ಅವಳ ಮಕ್ಕಳಿಗೆ ಊಟ.

ಇಲಾಖೆ ಅವಳನ್ನು ಎಬ್ಬಿಸಿತು. ಅವಳು ಬುಟ್ಟಿ ಹೊತ್ತು ಬೀದಿ ಅಲೆದಳು. ಅರ್ಧ ಮಾರಿದರೆ ಅರ್ಧ ಮನೆಗೇ ವಾಪಸ್ಸು. ಹೆದ್ದಾರಿಗಳು ಕೂಡುವಲ್ಲಿ ಮೂರಂತಸ್ತಿನ ಮೇಲ್ಸೇತುವೆಗಳ ಇಂಟರ್‌ಚೇಂಜ್ ಎದ್ದಿತು. ಅದಕ್ಕೆ ಮಂತ್ರಿಗಳ ದಿವಂಗತ ಮಾವನ ಹೆಸರಿಟ್ಟರು. ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ವ್ಯಾನುಗಳ ಕ್ಲೀನರುಗಳು ಬಾಗಿಲಿಗೆ ಜೋತುಬಿದ್ದು "ಒಕೈಲಿ, ಒಕೈಲಿ" ಎಂದೇ ಕೂಗಿದರು. ಉದ್ಘಾಟನೆಗೆ ಬೋರ್ಡಿನ ಹೆಸರು ಹೇಳಿ ದಾರಿ ಕೇಳುತ್ತ ಹೊರಟ ಮಂತ್ರಿಗಳು ದಾರಿ ತಪ್ಪಿ ಟೆಮಾದ ಹಡಗುಕಟ್ಟೆ ಸೇರಿ, ಹೇಗೂ ಕತ್ತರಿ ಕೈಯಲ್ಲಿತ್ತೆಂದು ಅಲ್ಲಿನ ಹಳೇ ಕ್ರೇನೊಂದನ್ನು ಉದ್ಘಾಟಿಸಿ ಬಂದರು.

ಹೆಸರು ತಿದ್ದಿ 'ಒಕೈಲಿ ಇಂಟರ್‌ಚೇಂಜ್' ಎಂದು ಬರೆಸಲಾಯಿತು. ಆಮೇಲೆ ಇಲಾಖೆಯ ನಿರ್ದೇಶಕ ಒಫೊಸುಹೆನೆ ಸಾಹೇಬರಿಗೆ ನಿಯಮವೊಂದು ನೆನಪಾಯಿತು: ಬೋರ್ಡು ಹೇಳುವ ವಸ್ತು ಬೋರ್ಡಿನ ಬಳಿ ಇರತಕ್ಕದ್ದು. ಅವರೇ ಖುದ್ದಾಗಿ ಅವಳ ಮನೆಗೆ ಹೋದರು.

"ಅಕ್ಕಾ, ನೀವು ಬಂದು ಅಲ್ಲೇ ಕೂತ್ಕೋಬೇಕು."

"ಹೋದ ವರ್ಷ ಪಾತ್ರೆ ಎತ್ತಿ ಬಿಸಾಡ್ಸಿದ್ರಲ್ಲ ಸಾಹೇಬ್ರೇ."

"ಆಗ ನೀವು ಒತ್ತುವರಿ. ಈಗ ಹೆಗ್ಗುರುತು."

"ಹೆಗ್ಗುರುತು ಕೆಂಕಿ ಮಾರ್ಬೋದಾ?"

ಸಾಹೇಬರು ಯೋಚಿಸಿದರು. "ಮಾರ್ದೇ ಇದ್ರೆ ಅದು ನೀವೇ ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?"

ಅವಳ ಹಳೇ ಮೂಲೆ ಈಗ ರಸ್ತೆಗಳು ಸುತ್ತುವರಿದ ಹುಲ್ಲಿನ ದ್ವೀಪ. ನಡೆದು ಹೋಗಲು ದಾರಿಯಿಲ್ಲ, ವಾಹನ ನಿಲ್ಲಿಸುವುದು ನಿಷಿದ್ಧ. ಆದಕಾರಣ ಗಿರಾಕಿಗಳು ಮೊದಲ ಸುತ್ತಿನಲ್ಲಿ ಎಷ್ಟು ಬೇಕೆಂದು ಕೂಗತಕ್ಕದ್ದು, ಎರಡನೆಯದರಲ್ಲಿ ದುಡ್ಡು ಎಸೆಯತಕ್ಕದ್ದು, ಮೂರನೆಯದರಲ್ಲಿ ಕೆಂಕಿ ಹಿಡಿಯತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಸುತ್ತೋಲೆ ಎಂಬ ಮಾತಿಗೆ ಇಲಾಖೆಯಲ್ಲಿ ಅಂದೇ ಅರ್ಥ ಬಂದದ್ದು. ಖಾರದ ಚಟ್ನಿ ಎಸೆಯುವ ವಿಷಯ ಪರಿಶೀಲನೆಯಲ್ಲಿದೆ.

ಊರಿಗೆ ಹೋಗಬೇಕಾದ ವಾಹನಗಳೆಲ್ಲ ಅಲ್ಲೇ ಸುತ್ತತೊಡಗಿ, ಮೊದಲು ನೆಲದ ಮೇಲಷ್ಟೇ ಇದ್ದ ಜಾಮ್ ಮೂರಂತಸ್ತಿಗೂ ಹಬ್ಬಿತು. ಇಷ್ಟೊಂದು ಜನ ಬಿಟ್ಟು ಹೋಗಲೊಲ್ಲದ ಇಂಟರ್‌ಚೇಂಜ್ ಇನ್ನೊಂದಿಲ್ಲವೆಂದು ಇಲಾಖೆ ಹೆಮ್ಮೆಪಟ್ಟಿತು.

ಒಂದು ಮಧ್ಯಾಹ್ನ ಒಫೊಸುಹೆನೆ ಸಾಹೇಬರೇ ಕಾರಿನ ಗಾಜು ಇಳಿಸಿ ಕೈ ಚಾಚಿದರು.

"ಇದು ನಿಮ್ಮ ಎರಡನೇ ಸುತ್ತು ಸಾಹೇಬ್ರೇ," ಅಂದಳು ಒಕೈಲಿ, ಮೀನು ಮಗುಚುತ್ತ. "ದುಡ್ಡು ಎಸೆದು ಹೋಗ್ತಾ ಇರಿ."

ಸಾಹೇಬರು ದುಡ್ಡು ಎಸೆದು, ನಿಯಮದಂತೆ ಮುಂದೆ ಹೋದರು. ಜಾಮಿನಲ್ಲಿ ಆ ಸುತ್ತು ಮುಗಿದದ್ದು ಮಾರನೇ ದಿನ. ಕೆಂಕಿ ಆಗಷ್ಟೇ ಬೆಂದಿತ್ತು. ಯಾರಿಂದಲೂ ದೂರು ಬರಲಿಲ್ಲ.