ಬಸಲಿಂಗನ ಇದ್ದಿಲು, ಮುನಿಯಕ್ಕನ ಧೂಪ

"ಯಕ್ಕಾ, ಇವತ್ತ ನನ್ನ ಇದ್ದಿಲಿನ ರೂಮಿಗೆ ಧೂಪ ಜರಾ ಜಾಸ್ತಿ ಹಾಕ್ರಿ" ಎಂದು ಬಸಲಿಂಗ ಮುನಿಯಕ್ಕನನ್ನು ಬಾಯಿಬಿಟ್ಟು ಕೇಳಿದ್ದೇ ತಪ್ಪಾಯಿತು.

ಪೀಣ್ಯದ ಆ ಸಣ್ಣ ಕಾರ್ಖಾನೆಯಲ್ಲಿ ತಯಾರಾಗುವುದು ತೆಂಗಿನ ಚಿಪ್ಪಿನ ಇದ್ದಿಲು. ಕಾಳುಕಾಳಿನಲ್ಲೂ ಕಣ್ಣಿಗೆ ಕಾಣದ ತೂತುಗಳು. ಅವುಗಳೊಳಗೆ ತಕ್ಕ ರಾಸಾಯನಿಕ ಸವರಿದರೆ, ಅದು ಗೋಬರ್ ಗ್ಯಾಸಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಟ್ಟುಕೊಂಡು ಉರಿಯುವ ಗ್ಯಾಸನ್ನಷ್ಟೇ ಆಚೆ ಬಿಡುತ್ತದೆ. ಆ ಹದ ಹಿಡಿಯಲು ಬಸಲಿಂಗ ತಿಂಗಳುಗಟ್ಟಲೆ ಕೈ ಸುಟ್ಟುಕೊಂಡಿದ್ದ. ಇವತ್ತು ಗಿರಾಕಿ ವೇಣಿ ಮೇಡಂ ಪರೀಕ್ಷೆಗೆ ಬರುವವರಿದ್ದರು. ಪಾಸಾದರೆ ನೌಕರಿ ಪರ್ಮನೆಂಟ್ ಎಂದು ಮಾಲೀಕ ನಲ್ಲಪ್ಪನವರು ಮಾತು ಕೊಟ್ಟಿದ್ದರು. ಪರ್ಮನೆಂಟ್ ಆಗದೆ ಮಗಳನ್ನು ಕಳಿಸುವುದಿಲ್ಲವೆಂದು ಊರಲ್ಲಿ ಮಾವ ಪಟ್ಟು ಹಿಡಿದು ಕೂತಿದ್ದ. ಹೆಂಡತಿ ಮಹಾದೇವಿ ಇಲ್ಲದ ಬಾಗಲಗುಂಟೆಯ ಆ ಒಂಟಿ ಖೋಲಿಯಲ್ಲಿ ಪಾಪ, ಅವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಸ ಗುಡಿಸುವ ಮುನಿಯಕ್ಕ ಪ್ರತಿ ಶುಕ್ರವಾರ ಮೆಷಿನ್ನುಗಳಿಗೆಲ್ಲ ಸಾಂಬ್ರಾಣಿ ಹಾಕುವವಳು. ಆರಲೆಂದು ತಟ್ಟೆಯಲ್ಲಿ ಹರಡಿದ್ದ ಇದ್ದಿಲಿನ ಪಕ್ಕದಲ್ಲೇ ಕೆಂಡ ತುಂಬಿದ ಧೂಪದ ಬಟ್ಟಲಿಟ್ಟು, ಹೊಗೆ ಆಚೆ ಹೋಗದಂತೆ ಬಾಗಿಲು ಕಿಟಕಿ ಮುಚ್ಚಿದಳು. ಬಸಲಿಂಗ ಹೊರಗೆ ಕೈಮುಗಿದು ನಿಂತ.

ವೇಣಿ ಮೇಡಂ ಬಂದರು. ಇದ್ದಿಲನ್ನು ಕೊಳವೆಗೆ ತುಂಬಿ ಗ್ಯಾಸ್ ಬಿಟ್ಟರೆ, ಒಳಗೆ ಹೋದದ್ದೆಲ್ಲ ಹಾಗೇ ಈಚೆ ಬಂತು.

"ಏನ್ರೀ ಇದು, ಏನೂ ಹಿಡೀತಾನೇ ಇಲ್ವಲ್ಲ?" ಎಂದರು ಮೇಡಂ.

"ಮಾನ ಕಳೆದ್ಬಿಟ್ಯಲ್ಲಯ್ಯಾ!" ನಲ್ಲಪ್ಪನವರು ಹಲ್ಲು ಕಡಿದರು.

ಬಸಲಿಂಗ ಒಳಗೆ ಓಡಿದ. ತಟ್ಟೆ ಮೂಸಿ ನೋಡಿದ. ಘಮ್ಮೆಂದಿತು.

"ಸರ, ಕೆಂಡದಿಂದ ಬರೂದೂ ಇದ ಕಾರ್ಬನ್ ಡೈಆಕ್ಸೈಡರಿ! ಇದ್ದಿಲು ಮುನಿಯಕ್ಕನ ಧೂಪ ಹೊಟ್ಟಿತುಂಬ ಕುಡದೈತಿ. ಸ್ವಲ್ಪ ಬಿಸಿ ಮಾಡಿದ್ರ ಎಲ್ಲಾ ಕಕ್ಕತೈತಿ. ಇನ್ನೊಂದ್ ಸಲ ನೋಡ್ರಿ, ಕೈ ಮುಗೀತೀನಿ."

ಬಿಸಿ ಮಾಡಿ, ಆರಿಸಿ, ಮತ್ತೆ ತುಂಬಿದರು. ಈ ಸಲ ಈಚೆ ಬಂದ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆಯೆಂದು ಅಳೆಯುವ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

"ಸಕ್ಕತ್! ಆರ್ಡರ್ ನಿಮಗೇ ಕಣ್ರೀ" ಎಂದು ಮೇಡಂ ಹೊರಟರು.

"ಮಾತು ಅಂದ್ರೆ ಮಾತು. ಇವತ್ತೇ ಪರ್ಮನೆಂಟ್!" ಎಂದರು ನಲ್ಲಪ್ಪನವರು.

ಬಸಲಿಂಗ ಅಲ್ಲೇ ಮಹಾದೇವಿಗೆ ಫೋನ್ ಹಚ್ಚಿ, "ಗಂಟು ಕಟ್ಟ!" ಎಂದು ಕೂಗಿದ. ನಲ್ಲಪ್ಪನವರು ಅವನನ್ನು ದಾಟಿಕೊಂಡು ಹೋಗಿ ಮುನಿಯಕ್ಕನಿಗೆ ಕೈಮುಗಿದರು.

"ಇವನು ಮಾಡಿದ್ದು ಫೇಲಾಯ್ತು. ನಿನ್ನ ಧೂಪ ಕುಡಿದಿದ್ದೇ ಪಾಸಾಯ್ತು ನೋಡು ತಾಯಿ! ಇನ್ಮೇಲೆ ದಿನಾ ಹಾಕು, ನೀನು ಪರ್ಮನೆಂಟು. ಬಸಲಿಂಗಾ, ದಿನಾ ಬಿಸಿ ಮಾಡೋ ಕೆಲಸ ನಿಂದು. ನಿನ್ನ ಪರ್ಮನೆಂಟ್ ಮುಂದಿನ ವರ್ಷ ನೋಡೋಣ."

"ನಂಗ್ಯಾಕೆ ಸಾಮಿ!" ಎಂದು ಮುನಿಯಕ್ಕ ಕಣ್ಣೊರೆಸಿಕೊಂಡಳು.

"ಯಾರೋ ಪರ್ಮನೆಂಟ್ ಅಂದಂಗಾತು, ಯಾರ್ರೀ?" ಫೋನಿನಲ್ಲಿ ಮಹಾದೇವಿಯ ದನಿ ನಗುತ್ತಿತ್ತು.

"ಮುನಿಯಕ್ಕ" ಎಂದು ಬಸಲಿಂಗ ಫೋನ್ ಇಟ್ಟ.