ಮಾಯುವ ಚೆಂಡು

“ನೋಡು ಲೆರಾಯ್, ನನ್ನ ಕೈಯಲ್ಲಿ ಯಾವ ದೋಷವೂ ಇಲ್ಲ. ದೋಷ ಇರೋದೆಲ್ಲ ಚೆಂಡಿನ ಮೈಯಲ್ಲಿ! ಸೋಪಿನ ಬಿಲ್ಲೆ ಹಂಗೆ ನುಣ್ಣಗಿದೆ. ಎಣ್ಣೆ ಸವರಿದ ಹಲಗೆ ಮೇಲೆ ಸೀದಾ ಜಾರ್ಕೊಂಡು ಹೋಗುತ್ತೆ, ತಿರುಗೋ ಮಾತೇ ಇಲ್ಲ. ಮೈ ಒರಟಾದ್ರೆ ಹಲಗೇನ ಕಚ್ಚುತ್ತೆ, ಕಚ್ಚಿದ್ರೆ ತಿರುಗುತ್ತೆ, ತಿರುಗಿದ್ರೆ ಹತ್ತು ಪಿನ್ನೂ ಅಡ್ಡ! ಒಂದು ಉಪ್ಪುಕಾಗದ, ಒಂದು ಬಕೆಟ್ ನೀರು, ನನ್ನ ರಟ್ಟೆ, ಸಾಕು. ಆದ್ರೆ ನನ್ನ ಹೆಂಡ್ತಿ ಬರ್ನಿಸ್ ಕಿವಿಗೆ ಬೀಳಬಾರದು ಕಣೋ. ಹೋದ ಸಲ ಚೆಂಡು ಕುಡಿದ ಎಣ್ಣೆ ಇಳಿಸ್ತೀನಿ ಅಂತ ಅವಳ ಓವನ್‌ನಲ್ಲಿಟ್ಟಿದ್ದೆ. ಇವತ್ತಿಗೂ ಏನೇ ಸೀದರೂ ಮೊದಲು ನನ್ನ ಮುಖ ನೋಡ್ತಾಳೆ!”

ಅಮೆರಿಕದ ಮಿಲ್ವಾಕಿಯ ನಾರ್ಬರ್ಟ್ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ, ಚೆಂಡು ಉರುಳಿಸಿ ಪಿನ್ನು ಬೀಳಿಸುವ ಬೌಲಿಂಗ್ ಆಟದ ತಂಡದ ಯಜಮಾನ ಲೆರಾಯ್ ಆಕಳಿಸಿದ.

“ಏನಾದ್ರೂ ಮಾಡ್ಕೊ ಮಾರಾಯ. ಗುರುವಾರವೂ ಹಿಂಗೇ ಉರುಳಿಸಿದ್ರೆ ನಿನ್ನ ಹೆಸರು ಹೊಲಿದಿರೋ ಅಂಗಿ ಬಿಚ್ಚಿಟ್ಟು ಹೋಗು. ನಿನ್ನ ಜಾಗಕ್ಕೆ ನನ್ನ ಭಾವಮೈದ ಕಾಯ್ತಾ ಇದಾನೆ.”

ಆ ಅಂಗಿ ಇಲ್ಲದ ಗುರುವಾರವನ್ನು ನಾರ್ಬರ್ಟ್ ಕಂಡೇ ಇರಲಿಲ್ಲ! ಅಂದೇ ಸಂಜೆ ನೆಲಮಾಳಿಗೆಗೆ ಇಳಿದು, ಚೆಂಡು ಬೂದುಗುಂಬಳಕಾಯಿಯಂತಾಗುವವರೆಗೂ ಉಜ್ಜಿ, ಚೀಲಕ್ಕೆ ಹಾಕಿಟ್ಟ.

ಮರುದಿನ ತೆಗೆದು ನೋಡುತ್ತಾನೆ, ಚೆಂಡು ಫಳಫಳ! ಮನುಷ್ಯರ ಗಾಯ ಮಾಯುವುದನ್ನು ಕಂಡಿದ್ದ. ಚೆಂಡಿನ ಗಾಯವೂ ಮಾಯುತ್ತದೆಯೇ?

ಕಾಗದದ ತಪ್ಪಿರಬೇಕೆಂದು ಅಂಗಡಿಗೆ ಓಡಿದ. “ಇನ್ನೂ ದೊಡ್ಡ ನಂಬರಿನದು ಕೊಡಿ!”

“ನಂಬರ್ ದೊಡ್ಡದಾದಷ್ಟೂ ನುಣುಪು ಸ್ವಾಮಿ. ಒರಟು ಬೇಕಾದ್ರೆ ಚಿಕ್ಕದು ತಗೊಳ್ಳಿ.”

ಚಿಕ್ಕದು ಕಚ್ಚುತ್ತದೆ, ದೊಡ್ಡದು ಸವರುತ್ತದೆ! ಇದೆಂಥ ಲೋಕವಪ್ಪಾ ಎಂದುಕೊಂಡು ಚಿಕ್ಕದನ್ನೇ ತಂದು, ಹಲ್ಲು ಕಚ್ಚಿಕೊಂಡು ಉಜ್ಜಿದ. ಬೆಳಗಾಗುವಷ್ಟರಲ್ಲಿ ಮತ್ತೆ ಫಳಫಳ! ನಾರ್ಬರ್ಟನಿಗೆ ತಲೆ ಕೆಟ್ಟುಹೋಯಿತು.

“ಬರ್ನಿಸ್, ನೆಲಮಾಳಿಗೆ ತೇವಕ್ಕೆ ಸಾಮಾನು ಹೊಳೆಯುತ್ತಾ?”

ಬರ್ನಿಸ್ ಆಲೂಗಡ್ಡೆಯಿಂದ ಕಣ್ಣೆತ್ತಲಿಲ್ಲ. “ತೇವಕ್ಕೆ ಬೂಸ್ಟು ಹಿಡಿಯುತ್ತೆ. ನಿನ್ನ ತಲೆಗೂ ಹಿಡಿದಿರೋ ಹಾಗಿದೆ.”

ಗುರುವಾರ ಆಟದ ಮನೆಯಲ್ಲಿ ಚೀಲ ಬಿಚ್ಚಿದರೆ, ಚೆಂಡಿನಲ್ಲಿ ಅವನ ಬೋಳು ತಲೆ ಕಾಣಿಸಿತು! ಜೇಬಿನಲ್ಲಿ ಉಪ್ಪುಕಾಗದವಿತ್ತು, ಆದರೆ ಆಟ ಶುರುವಾದ ಮೇಲೆ ಉಜ್ಜುವಂತಿಲ್ಲ. ಲೆರಾಯ್‌ನ ಭಾವಮೈದನಂತೂ ಅವನ ಅಂಗಿಯ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಳ್ಳುತ್ತಿದ್ದ. ನಾರ್ಬರ್ಟ್ ಕಣ್ಣು ಮುಚ್ಚಿ ಎಸೆದ.

ಚೆಂಡು ಜಾರಿತು, ಜಾರಿತು, ಹಲಗೆಯ ಪಕ್ಕದ ಕಾಲುವೆಯ ಅಂಚಿಗೇ ಹೋಯಿತು. ಅಲ್ಲಿ ಯಾರೋ ಹಿಂದಿನಿಂದ ಕೂಗಿ ಕರೆದಂತೆ ಗಕ್ಕನೆ ತಿರುಗಿ, ಹತ್ತು ಪಿನ್ನನ್ನೂ ಮಲಗಿಸಿತು! ಮತ್ತೆ ಎಸೆದ. ಮತ್ತೆ ಹತ್ತೂ!

“ಎಲಾ ಇವನಾ! ಏನೋ ಮಾಡಿದೆ ಇದಕ್ಕೆ?” ಲೆರಾಯ್ ಓಡಿ ಬಂದ.

“ಅದೊಂದು ವಿದ್ಯೆ. ಎಲ್ಲರ ಕೈಗೂ ದಕ್ಕಲ್ಲ,” ಎಂದು ನಾರ್ಬರ್ಟ್ ಎದೆಯುಬ್ಬಿಸಿದ.

ತಂಡಕ್ಕೆ ತಂದ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಹಿಂದೆ ನಿಂತಿದ್ದ ಬರ್ನಿಸ್ ಬಾಯಿ ತೆರೆದಳು. “ವಿದ್ಯೆ ಯಾವುದು? ದಿನಾ ಬೆಳಿಗ್ಗೆ ಅದಕ್ಕೆ ಬೂದಿ ಬಳಿದಂಗೆ ಬೂಸ್ಟು! ಬೆಳ್ಳಿ ಚಮಚದ ಪಾಲಿಶ್ ಹಾಕಿ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಯ್ತು!”

ಲೆರಾಯ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಒಳಗೆ ಇವನ ಒರಟು, ಮೇಲೆ ನಿನ್ನ ನಯ! ಅದಕ್ಕೇ ಮೊದಲು ಜಾರಿ ಕೊನೇಲಿ ಕಚ್ಚಿತು. ಅಂಗಿ ನಿನಗೇ ಇರಲಿ ಕಣೋ ನಾರ್ಬರ್ಟ್. ಆದ್ರೆ ಅವಳನ್ನ ಬಿಟ್ಟು ಬರಬೇಡ!”

“ಅಂದ್ರೆ ಅದು ಬೂಸ್ಟಲ್ಲ?” ಬರ್ನಿಸ್ ಗಂಡನ ಕಡೆ ತಿರುಗಿದಳು. “ನೀನು ಉಜ್ಜಿದ್ದಾ? ನಿನಗೆ ಉಜ್ಜೋಕೆ ಬರುತ್ತಾ?”

ನಾರ್ಬರ್ಟ್ ಜೇಬಿನಿಂದ ಉಪ್ಪುಕಾಗದ ತೆಗೆದು ತೋರಿಸಿದ.

ಮನೆಗೆ ಬಂದವಳೇ, ಎಲೆಕೋಸು ತಳಹಿಡಿದ ದೊಡ್ಡ ಪಾತ್ರೆಯನ್ನು ಅವನ ಮುಂದಿಟ್ಟಳು. “ಇಷ್ಟು ವರ್ಷ ಮುಚ್ಚಿಟ್ಟಿದ್ದೆಯಲ್ಲೋ ಈ ವಿದ್ಯೆನ!”

ಹೆಸರು ಹೊಲಿದ ಅಂಗಿಯ ತೋಳು ಮಡಿಸಿ, ನಾರ್ಬರ್ಟ್ ನಲ್ಲಿ ತಿರುಗಿಸಿದ. ಪಾತ್ರೆಯನ್ನು ಗರಗರ ಉಜ್ಜತೊಡಗಿದ.