ಎರಡು ಬೆರಳು ಲೂಸಿನ ಹೆಲ್ಮೆಟ್ಟು

ತನ್ನ ಟೇಪಿನ ಅಳತೆಗೆ ಸಿಗದ ವಸ್ತು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಟೇಪಣ್ಣ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಕಾಫಿ ಲೋಟ ಕೆಳಗಿಡುತ್ತಾ. ಟೇಪಣ್ಣ ಎಂದರೆ ಆ ಬೀದಿಯ ದರ್ಜಿ. ಕೊರಳಲ್ಲಿ ಸದಾ ಅಳತೆಯ ಟೇಪು ಜೋತಾಡುತ್ತಿದ್ದುದರಿಂದ ಬಂದ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ತಟ್ಟನೆ ನೆನಪಾಗುತ್ತಿರಲಿಲ್ಲ. ಅವತ್ತಿನ ಘೋಷಣೆಗೆ ಕಾರಣ ಹೆಲ್ಮೆಟ್ಟು. ಮುಂದಿನ ವಾರ ಗಂಡ ಹೆಂಡತಿ ಊರಾಚೆಯ ಹಿಮದ ಗುಡ್ಡಕ್ಕೆ ಸ್ಕೀ ಆಡಲು ಹೊರಟಿದ್ದರು.

ಆಸೆ ಹೆಂಡತಿಯದು. ಇಪ್ಪತ್ತಾರು ವರ್ಷ ಅಡುಗೆಮನೆಯ ಕಿಟಕಿಯಿಂದ ಆ ಬಿಳಿ ಗುಡ್ಡ ನೋಡುತ್ತಾ ಪಾತ್ರೆ ತೊಳೆದವಳು, ಒಂದೇ ಒಂದು ಸಲ ಅದರ ಮೇಲಿಂದ ಜಾರಿ ಬರಬೇಕು ಅಂದಿದ್ದಳು. ಷರತ್ತೂ ಅವಳದೇ: ಟೇಪಣ್ಣನ ತಲೆಗೆ ಸರಿಯಾದ ಹೆಲ್ಮೆಟ್ಟು ಇಲ್ಲದಿದ್ದರೆ ಗುಡ್ಡದ ಮಾತೇ ಬೇಡ. ಹಿಂದಿನ ವರ್ಷ ಅವನು ಬಚ್ಚಲಲ್ಲಿ ಜಾರಿ ಬಿದ್ದು ತಲೆ ಒಡೆದುಕೊಂಡಿದ್ದ. ಏಳು ಹೊಲಿಗೆ ಬಿದ್ದವು. ಕನ್ನಡಿ ತರಿಸಿ ನೋಡಿ, ಹೊಲಿಗೆಯ ಸಾಲು ಸೊಟ್ಟಗಿದೆ ಎಂದು ಆಸ್ಪತ್ರೆಯ ಮಂಚದಿಂದಲೇ ಡಾಕ್ಟರಿಗೆ ಬುದ್ಧಿ ಹೇಳಿದ್ದ. ಡಾಕ್ಟರು ನಕ್ಕರು. ನಕ್ಕ ಮೇಲೆ, ಇದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಹೊಲಿಗೆಯಿಂದ ಮುಗಿಯುವ ಮಾತಲ್ಲ ಅಂದರು. ಅವರು ನಕ್ಕಿದ್ದು ಟೇಪಣ್ಣನ ನೆನಪಿನಲ್ಲಿ ಉಳಿಯಿತು. ಆಮೇಲೆ ಅಂದಿದ್ದು ಹೆಂಡತಿಯ ನೆನಪಿನಲ್ಲಿ ಉಳಿಯಿತು.

ಆಟದ ಸಾಮಾನಿನ ಅಂಗಡಿಯಲ್ಲಿ ಕನ್ನಡಕದ ಮಹಿಳೆಯೊಬ್ಬರು ಬಹಳ ತಾಳ್ಮೆಯಿಂದ ವಿವರಿಸಿದರು. ವರ್ಷಕ್ಕೆ ಒಂದೆರಡು ಸಲ ಖುಷಿಗೆ ಆಡುವವರಿಗೆ ರೇಸಿನವರ ಹೆಲ್ಮೆಟ್ಟು ಬೇಕಿಲ್ಲ, ಗಾಳಿಕಿಂಡಿ ಇರುವ ಹಗುರವಾದದ್ದೊಂದು ಸಾಕು. ಬಣ್ಣ ಆಮೇಲೆ ನೋಡಿ, ಮೊದಲು ಹಿಡಿತ ನೋಡಿ. ಗದ್ದದ ಪಟ್ಟಿ ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಹೆಲ್ಮೆಟ್ಟಿನ ಜೊತೆಗೇ ಅಲ್ಲಾಡಬೇಕು, ಹೆಲ್ಮೆಟ್ಟೊಂದೇ ಅಲ್ಲಾಡಿದರೆ ದೊಡ್ಡದಾಯಿತು ಎಂದರ್ಥ. ಇಷ್ಟು ಹೇಳಿ ಆಕೆ ಅಳತೆಯ ಟೇಪು ಕೈಗೆತ್ತಿಕೊಂಡರು.

ಅಲ್ಲೇ ಎಡವಟ್ಟಾಯಿತು. ಮೂವತ್ತು ವರ್ಷದಿಂದ ಊರನ್ನೇ ಅಳೆದವನ ತಲೆಯನ್ನು ಇನ್ನೊಬ್ಬರು ಅಳೆಯುವುದೆಂದರೇನು! ಟೇಪಣ್ಣ ಎರಡು ಹೆಜ್ಜೆ ಹಿಂದೆ ಸರಿದ. ತನ್ನ ಕೊರಳಿನ ಟೇಪನ್ನು ಕಿರೀಟಧಾರಣೆಯ ಗಾಂಭೀರ್ಯದಿಂದ ತೆಗೆದು ಹುಬ್ಬಿನ ಮೇಲೆ ಸುತ್ತಿಕೊಂಡ. ಐವತ್ತಾರು ಸೆಂಟಿಮೀಟರು. ಅಳತೆಯೇನೋ ಸರಿಯಾಗಿಯೇ ಇತ್ತು. ಆದರೆ ಟೇಪಣ್ಣ ಯಾವತ್ತೂ ಬಂದ ಅಳತೆಗೇ ಬಟ್ಟೆ ಕತ್ತರಿಸಿದವನಲ್ಲ. ಗಿರಾಕಿ ನಾಳೆ ದಪ್ಪಗಾಗಬಹುದು, ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಬಹುದು, ಆದ್ದರಿಂದ ಯಾರೇ ಬರಲಿ, ಎರಡು ಬೆರಳು ಲೂಸು ಬಿಡಬೇಕು ಎನ್ನುವುದು ಅವನ ಕಸುಬಿನ ಮೂಲಮಂತ್ರ. ಅದೇ ಮಂತ್ರದ ಪ್ರಕಾರ ಅರವತ್ತರ ಹೆಲ್ಮೆಟ್ಟು ಕೇಳಿದ.

"ರೀ, ತಲೆ ಇನ್ನೂ ಬೆಳೆಯುತ್ತಾ?" ಅಂದಳು ಹೆಂಡತಿ.

"ಉಸಿರಾಡೋಕೆ ಜಾಗ ಬೇಡ್ವೇನೇ?"

"ನೀವು ತಲೆಯಿಂದ ಉಸಿರಾಡ್ತೀರಾ?"

ಹೆಂಗಸರ ಮಾತಿಗೆ ಅಂಗಡಿಯಲ್ಲಿ ಉತ್ತರ ಕೊಡಬಾರದು ಎಂಬ ಇನ್ನೊಂದು ಮಂತ್ರವೂ ಅವನಲ್ಲಿತ್ತು. ಹೆಂಡತಿ ಮಾತ್ರ ಕನ್ನಡಕದಾಕೆಯ ಮುಂದೆ ಕೂತು, ಅಳತೆ ಕೊಟ್ಟು, ಮೂರು ಹೆಲ್ಮೆಟ್ಟು ಹಾಕಿ ನೋಡಿ, ನಾಲ್ಕನೆಯದನ್ನು ಆರಿಸಿಕೊಂಡಳು. ಅದು ಅವಳ ತಲೆಯನ್ನು ಕಚ್ಚಿ ಹಿಡಿದಿದ್ದನ್ನು ನೋಡಿ ಟೇಪಣ್ಣನಿಗೆ ಪಾಪ ಅನ್ನಿಸಿತು.

ಮನೆಗೆ ಬಂದು ತನ್ನದನ್ನು ಹಾಕಿಕೊಂಡು ತಲೆ ಅಲ್ಲಾಡಿಸಿದ. ಹೆಲ್ಮೆಟ್ಟು ಒಂದು ಸುತ್ತು ತಿರುಗಿ ಮೂಗಿನ ಮೇಲೆ ಬಂದು ಕೂತಿತು. ಅದಕ್ಕೆಲ್ಲ ಅವನು ಹೆದರುವವನೇ? ಕೋಟಿನ ಭುಜಕ್ಕೆ ಹಾಕುವ ಎರಡು ಪ್ಯಾಡುಗಳನ್ನು ಒಳಗೆ ತುರುಕಿದ. ಈಗ ಹೆಲ್ಮೆಟ್ಟು ನಿಂತಿತು. ಇನ್ನೊಂದು ಸಲ ಅಂಗಡಿಗೆ ಹೋಗಿ ಬದಲಾಯಿಸೋಣ ಎಂದು ಹೆಂಡತಿ ಆ ವಾರದಲ್ಲಿ ನಾಲ್ಕು ಸಲ ಹೇಳಿದಳು. ನಾಲ್ಕು ಸಲವೂ ಅವನು ತಲೆ ಅಲ್ಲಾಡಿಸದೆ, ಬಾಯಲ್ಲೇ ಬೇಡ ಅಂದ.

ಗುಡ್ಡದ ಮೇಲೆ ಕಲಿಸುವ ಮೇಷ್ಟ್ರು ಇಬ್ಬರನ್ನೂ ಹೊಸಬರ ಇಳಿಜಾರಿನಲ್ಲಿ ನಿಲ್ಲಿಸಿ, ನಿಲ್ಲಬೇಕಾದಾಗ ಸ್ಕೀ ಹಲಗೆಗಳ ಮೂತಿ ಹತ್ತಿರ ತನ್ನಿ ಎಂದು ಒಂದು ಗಂಟೆ ಪಾಠ ಮಾಡಿದರು. ಹೆಂಡತಿ ಮೊದಲು ಹೊರಟಳು. ನಿಧಾನವಾಗಿ, ಸೊಂಟ ಬಗ್ಗಿಸಿ, ಬಾಯಿ ತೆರೆದು ನಗುತ್ತಾ ಅರ್ಧ ಇಳಿಜಾರು ಇಳಿದು ನಿಂತು, ಬನ್ನಿ ಎಂದು ಕೈ ಬೀಸಿದಳು. ಟೇಪಣ್ಣ ಎದೆ ಸೆಟೆಸಿ ಹೊರಟ. ಹೊರಟವನು ಹಲಗೆಗಳು ಎಲ್ಲಿವೆ ನೋಡೋಣ ಎಂದು ತಲೆ ಬಗ್ಗಿಸಿದ. ಬೆವರಿಗೆ ನೆನೆದ ಪ್ಯಾಡು ಜಾರಿತು, ಪ್ಯಾಡಿನ ಹಿಂದೆ ಹೆಲ್ಮೆಟ್ಟು ಜಾರಿತು, ಹೆಲ್ಮೆಟ್ಟು ಅವನು ಹಾಕಿಕೊಂಡಿದ್ದ ಸ್ಕೀ ಕನ್ನಡಕವನ್ನೂ ಮುಚ್ಚಿಕೊಂಡು ಗದ್ದದವರೆಗೆ ಇಳಿಯಿತು. ಹಾಡಹಗಲು ಹನ್ನೊಂದು ಗಂಟೆಗೆ ಟೇಪಣ್ಣನಿಗೆ ಕತ್ತಲಾಯಿತು.

"ಯಾರಾದರೂ ಲೈಟ್ ಹಾಕ್ರಪ್ಪಾ!" ಎಂದು ಕೂಗುತ್ತಾ ಅವನು ಎರಡೂ ಕೈಯಲ್ಲಿ ಹೆಲ್ಮೆಟ್ಟು ಎತ್ತಲು ಹೋದ. ಕೈಯಲ್ಲಿದ್ದ ಸ್ಕೀ ಕೋಲುಗಳು ಹಾರಿದವು. ಮೂತಿ ಹತ್ತಿರ ತರುವ ಪಾಠವೂ ಅವುಗಳ ಜೊತೆಗೇ ಹಾರಿತು. ಗಡಿ ಗುರುತಿಸಲು ನೆಟ್ಟ ಬಾವುಟಗಳಲ್ಲಿ ನಾಲ್ಕನ್ನು ಉರುಳಿಸಿ, ಐದನೆಯದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ದಿಗ್ವಿಜಯಕ್ಕೆ ಹೊರಟ ದೊರೆಯ ಹಾಗೆ ಅವನು ನೇರವಾಗಿ ಧಾವಿಸಿದ್ದು ಜನರನ್ನು ಗುಡ್ಡ ಹತ್ತಿಸುವ ಲಿಫ್ಟಿನ ಕಬ್ಬಿಣದ ಕಂಬದ ಕಡೆಗೆ. ಅದು ಅವನಿಗೆ ಕಾಣುತ್ತಿರಲಿಲ್ಲ. ಹೆಂಡತಿಗೆ ಕಾಣುತ್ತಿತ್ತು.

ಅವಳು ಸ್ಕೀ ಬಿಚ್ಚಿ ಎಸೆದು, ಹಿಮದಲ್ಲಿ ಮೊಣಕಾಲವರೆಗೆ ಹುಗಿಯುತ್ತಾ ಓಡಿ ಬಂದು, ಅವನು ಪಕ್ಕದಲ್ಲಿ ಹಾಯುವಾಗ ಸೊಂಟಕ್ಕೆ ತಬ್ಬಿ ಬಿದ್ದಳು. ಇಬ್ಬರೂ ಉರುಳಿ ಉರುಳಿ ಕಂಬಕ್ಕೆ ಒಂದು ಮಾರು ಈಚೆ ನಿಂತರು. ಪಟ್ಟಿ ಕಳಚಿಕೊಂಡ ಹೆಲ್ಮೆಟ್ಟು ಮಾತ್ರ ನಿಲ್ಲದೆ, ಯಾವ ಪಾಠವೂ ಇಲ್ಲದೆ, ಸೊಗಸಾಗಿ ಗುಡ್ಡದ ಬುಡದವರೆಗೆ ಜಾರಿ ಹೋಯಿತು.

ಅವಳು ಕೈಗವಸು ಕಿತ್ತುಹಾಕಿ, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಏಳು ಹೊಲಿಗೆಯ ಗುರುತಿನ ಮೇಲೆ ಬೆರಳಾಡಿಸಿದಳು. ಒಂದು ಸಲ, ಎರಡು ಸಲ, ಮೂರನೇ ಸಲ. ಏನೂ ಆಗಿಲ್ಲ ಕಣೇ ಅನ್ನುತ್ತಾ ಟೇಪಣ್ಣ ಅವಳ ಭುಜದ ಹಿಮ ಕೊಡವಿದ. ಇಂಥವಳೊಬ್ಬಳು ತನ್ನ ಪಾಲಿಗೆ ಬಂದದ್ದು ತನ್ನ ಯೋಗ್ಯತೆಗೆ ಮೀರಿದ್ದು ಎಂದು ಅವನಿಗೆ ಆ ಹಿಮದಲ್ಲಿ ಬಿದ್ದುಕೊಂಡೇ ಚೆನ್ನಾಗಿ ಅರ್ಥವಾಯಿತು. ಅವಳು ಮನೆಗೆ ಹೋಗೋಣ ಅಂದಳು. ಅವನು ಒಪ್ಪಲಿಲ್ಲ. ತನ್ನ ಹಲಗೆಗಳನ್ನು ಹೆಗಲಿಗೇರಿಸಿ ನಡೆದು ಕೆಳಗಿಳಿದು, ಬೆಂಚಿನ ಮೇಲೆ ಕೂತು, ಅವಳು ಐದು ಸಲ ಜಾರಿ ಬರುವುದನ್ನು ನೋಡಿದ. ಐದು ಸಲವೂ ಚಪ್ಪಾಳೆ ಹೊಡೆದ.

ಮಾರನೇ ದಿನ ಅಂಗಡಿಗೆ ಹೋಗಿ, ಟೇಪು ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದು ತಾನೇ ಹೇಳಿ, ಕನ್ನಡಕದಾಕೆಯ ಮುಂದೆ ತಲೆ ತಗ್ಗಿಸಿ ಕೂತ. ಐವತ್ತಾರರ ಹೆಲ್ಮೆಟ್ಟಿನಲ್ಲಿ ತಲೆ ಅಲ್ಲಾಡಿಸಿದ. ಹಣೆಯೂ ಅಲ್ಲಾಡಿತು. ಕೃತಜ್ಞತೆಗೆ ಹೆಂಡತಿಗೊಂದು ಬೆಚ್ಚನೆಯ ಕೋಟು ಹೊಲಿಯುವುದೆಂದು ಅಲ್ಲೇ ತೀರ್ಮಾನಿಸಿ, ಮನೆಗೆ ಬಂದವನೇ ಅಳತೆಗೆಂದು ಅವಳ ಹಳೆಯ ಕೋಟು ತೆಗೆದು ಒಳಮಗ್ಗುಲು ತಿರುಗಿಸಿದ. ಅವನು ಹೊಲಿದಿದ್ದ ಸಾಲಿನ ಪಕ್ಕದಲ್ಲಿ, ಸರಿಯಾಗಿ ಎರಡು ಬೆರಳು ಒಳಗೆ, ಸಣ್ಣ ಸಣ್ಣ ಕೈಹೊಲಿಗೆಯ ಇನ್ನೊಂದು ಸಾಲಿತ್ತು. ಬೀರು ತೆರೆದು ಅವಳ ಇನ್ನೊಂದು ಬಟ್ಟೆ ತೆಗೆದ. ಅದರಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು.

"ಇದೆಲ್ಲ ಯಾವಾಗ ಮಾಡಿದ್ದೇ?"

"ಮದುವೆಯಾದ ವರ್ಷದಿಂದ. ನೀವು ಅಷ್ಟು ಖುಷಿಯಿಂದ ಹೊಲಿದು ಕೊಡ್ತಿದ್ರಿ, ಬೇಜಾರು ಮಾಡೋದು ಯಾಕೆ ಅಂತ ಸುಮ್ನಿದ್ದೆ."

ಟೇಪಣ್ಣ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತ. ಹಾಗಾದರೆ ಹೆಲ್ಮೆಟ್ಟಿನ ವಿಷಯದಲ್ಲಿ ಮಾತ್ರ ನಾಲ್ಕು ನಾಲ್ಕು ಸಲ ಯಾಕೆ ಬಾಯಿಬಿಟ್ಟು ಹೇಳಿದೆ ಎಂದು ಕೇಳಿದ.

"ಅದನ್ನೂ ನೀವಿಲ್ಲದಾಗ ಹಿಡಿದು ಹೊಲಿಯೋಕೆ ನೋಡಿದೆ ರೀ," ಅಂದಳು. "ಸೂಜಿ ಇಳೀಲಿಲ್ಲ."